ದೇವರು ಗುಡಿಗೆ, ಕಾನು ಕಡತಕ್ಕೆ

ಸೊರಬದ ಹಳ್ಳಿಗರಿಗೆ ‘ಕಾನು’ ಎಂದರೆ ಬರಿಯ ಕಾಡಲ್ಲ. ಎಲೆ ಉದುರಿಸುವ ಕಾಡು, ಗದ್ದೆ, ಬೇಣಗಳ ನಡುವೆ ವರ್ಷವಿಡೀ ಹಸಿರಾಗಿ ನಿಲ್ಲುವ ದಟ್ಟ ಮರಗಳ ತಾಣ ಅದು. ಒಳಗೆಲ್ಲೋ ಮರವೊಂದರ ಬುಡದಲ್ಲಿ ಚೌಡಿಯದೋ ಭೂತಪ್ಪನದೋ ಕಲ್ಲು. ಅಲ್ಲಿ ಕೊಡಲಿ ಹಾಕಿದರೆ ದೇವರು ಮುನಿಯುತ್ತದೆಂಬ ನಂಬಿಕೆ.

ಹಾಗೆಂದು ಕಾನು ಯಾರೂ ಕೈಯಿಕ್ಕದ ಜಾಗವೇನೂ ಆಗಿರಲಿಲ್ಲ. ಮರಕ್ಕೆ ಹಬ್ಬಿದ ಮೆಣಸು, ಬೈನೆ ಮರದ ಹೆಂಡ, ದಾಲ್ಚಿನ್ನಿ, ಉಪ್ಪಾಗೆ, ಜೇನು ಎಲ್ಲವೂ ಬದುಕಿಗೆ ಒದಗುತ್ತಿದ್ದವು. ಸರ್ಕಾರ ಇದರ ಮೇಲೆ ಕಂದಾಯವನ್ನೂ ಎತ್ತುತ್ತಿತ್ತು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸಲ್ಲಿಸಿದ ವರದಿಯಲ್ಲಿ ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳ ಲೆಕ್ಕವಿದೆ. ಮರ ಉಳಿದರೆ ಮೆಣಸು, ನೆರಳು ಉಳಿದರೆ ಒರತೆ, ಒರತೆ ಉಳಿದರೆ ಕೆಳಗಿನ ಅಡಿಕೆ ತೋಟ. ದೇವರ ಭಯದ ಜೊತೆಗೆ ಈ ಲೆಕ್ಕಾಚಾರವೂ ಕಾನನ್ನು ಕಾದಿತ್ತು.

ಮಳೆ ಕಡಿಮೆಯಾದ ಪಕ್ಕದ ಶಿಕಾರಿಪುರದಲ್ಲಿ ಈ ಕೆಲಸ ಕೆರೆಯದು. ಕದಂಬರ ಕಾಕುಸ್ಥವರ್ಮ ಶಿವಾಲಯದ ಬಳಿ ಕೆರೆ ಕಟ್ಟಿಸಿದ್ದನ್ನು ಐದನೆಯ ಶತಮಾನದ ತಾಳಗುಂದ ಸ್ತಂಭಶಾಸನ ಹೇಳುತ್ತದೆ. ಬಳ್ಳಿಗಾವೆಯ ಕೋಡಿಯಮಠಕ್ಕೆ ಹೆಸರು ಬಂದದ್ದೇ ಕೆರೆಯ ಕೋಡಿಯಿಂದ. ದೀನರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುವ ತಾಣವೆಂದು 1162ರ ಶಾಸನ ಅದನ್ನು ಕೊಂಡಾಡುತ್ತದೆ. ಪೂಜೆ, ದುಡಿಮೆ, ನೀರು ಮೂರೂ ಒಂದೇ ಸೂರಿನಡಿ ಇದ್ದವು.

ಆಧುನಿಕ ಕಾಲ ಮಾಡಿದ್ದು ಈ ಮೂರನ್ನು ಬೇರ್ಪಡಿಸುವ ಕೆಲಸ. ಕಾನು ಅರಣ್ಯ ಇಲಾಖೆಗೂ ಕಂದಾಯ ಇಲಾಖೆಗೂ ಹಂಚಿಹೋಯಿತು. ಮೆಣಸು ತೋಟಕ್ಕೆ ಬಂತು. ಭದ್ರಾವತಿಯ ಕಾಗದ ಕಾರ್ಖಾನೆಗಾಗಿ ಜಿಲ್ಲೆಯಲ್ಲಿ ನೀಲಗಿರಿ, ಅಕೇಶಿಯಾ ತೋಪುಗಳೆದ್ದವು. ಕೊಡಗಿನಲ್ಲೂ ಇದೇ ಕಥೆ. 1905ರಲ್ಲಿ ಸುಮಾರು 15,500 ಎಕರೆಯಿದ್ದ ದೇವರಕಾಡು 1985ರ ವೇಳೆಗೆ 6,300 ಎಕರೆಗೆ ಇಳಿಯಿತು.

ಸಮಾಜ ಲೌಕಿಕವಾಗುವುದೆಂದರೆ ಜನ ದೇವರನ್ನು ಬಿಡುವುದು ಎಂದು ನಾವು ತಿಳಿಯುತ್ತೇವೆ. ನಮ್ಮಲ್ಲಿ ಆದದ್ದು ಹಾಗಲ್ಲ. ಭಕ್ತಿ ಕಡಿಮೆಯಾಗಿಲ್ಲ, ಬಯಲಲ್ಲಿದ್ದ ಎಷ್ಟೋ ಚೌಡಿಯರಿಗೆ ಈಗ ಸಿಮೆಂಟಿನ ಗುಡಿಯಿದೆ. ಆದರೆ ಗುಡಿ ಎದ್ದಂತೆ ಪಾವಿತ್ರ್ಯ ಗೋಡೆಯೊಳಗೆ ಸೇರಿತು, ಹೊರಗಿನ ಮರ ಬರಿಯ ನಾಟವಾಯಿತು.

ಹಳೆಯದೆಲ್ಲ ಚಿನ್ನವೆನ್ನಲಾಗದು. ಕಾನಿನ ಫಲದ ಹಕ್ಕು ಎಲ್ಲರಿಗೂ ಸಮನಾಗಿರಲಿಲ್ಲ. ಭಯವನ್ನು ಮತ್ತೆ ಹುಟ್ಟಿಸಲೂ ಆಗದು, ಬೇಕಾಗಿಯೂ ಇಲ್ಲ. ಮರಳಿ ಕೂಡಿಸಬೇಕಾದದ್ದು ಹಕ್ಕು ಮತ್ತು ಹೊಣೆಯನ್ನು. 2006ರ ಅರಣ್ಯ ಹಕ್ಕು ಕಾಯ್ದೆ ಸಮುದಾಯದ ಕಾಡನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ದೇವರಕಾಡುಗಳಿಗೆ ದೇಶವ್ಯಾಪಿ ನೀತಿ ರೂಪಿಸಲು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕೇಂದ್ರಕ್ಕೆ ಸೂಚಿಸಿದೆ. ಆದರೆ ಕಾನಿನಿಂದ ಊರಿಗೆ ನಾಲ್ಕು ಕಾಸು, ತೋಟಕ್ಕೆ ನಾಲ್ಕು ಕೊಡ ನೀರು ಬರುತ್ತದೆಂಬುದು ಜನರಿಗೆ ಮನದಟ್ಟಾಗದೆ ಯಾವ ಕಾಯ್ದೆಯೂ ಅದನ್ನು ಉಳಿಸಲಾರದು. ಚೌಡಿಯ ಕಾವಲಿಗೂ ಇದ್ದದ್ದು ಅದೇ ಬಲ.