ನೀರು ಬಂದ ನಾಡಿನ ಜನಸಂಖ್ಯೆ

ಒಂದು ಕೆರೆಯ ನೀರು ವರ್ಷದಿಂದ ವರ್ಷಕ್ಕೆ ಒಂದೇ ಮಟ್ಟದಲ್ಲಿ ನಿಂತಿದ್ದರೆ, ಅದರಲ್ಲಿ ಏನೂ ನಡೆಯುತ್ತಿಲ್ಲವೆಂದು ಹೇಳಬಹುದೇ? ಹಳ್ಳದಿಂದ ಒಳಕ್ಕೆ ಬರುವ ನೀರಿಗೆ, ತೂಬಿನ ಮೂಲಕ ಗದ್ದೆಗೆ ಹರಿಯುವ ನೀರೂ ಕೋಡಿಯ ಮೇಲೆ ಹೊರಳಿ ಹೋಗುವ ನೀರೂ ಸರಿದೂಗಿದರೆ ಮಟ್ಟವು ಕದಲುವುದಿಲ್ಲ. ಆದರೆ ಕಳೆದ ವರ್ಷ ಅಲ್ಲಿದ್ದ ನೀರು ಈ ವರ್ಷ ಅಲ್ಲಿರುವುದಿಲ್ಲ. ಭೌತಶಾಸ್ತ್ರವನ್ನು ಬೋಧಿಸುವ ನಾವು ಇದಕ್ಕೆ ಚಲನಾತ್ಮಕ ಸಮತೋಲವೆಂಬ ದೊಡ್ಡ ಹೆಸರನ್ನು ಹಲಗೆಯ ಮೇಲೆ ಬರೆದು ಮುಂದಿನ ಪಾಠಕ್ಕೆ ಹೋಗಿಬಿಡುತ್ತೇವೆ. ಒಂದು ಊರಿನ ಜನಸಂಖ್ಯೆಯೂ ಇಂತಹ ಕೆರೆಯೇ ಆಗಿದೆ. ಹುಟ್ಟುವವರೂ ಹೊರಗಿನಿಂದ ಬಂದು ನೆಲೆಸುವವರೂ ಅದರ ಒಳಹರಿವು. ಸಾವು ಅದರ ತೂಬು. ಊರು ಬಿಟ್ಟು ಹೋಗುವುದು ಅದರ ಕೋಡಿ.

ಮಂಡ್ಯ ಜಿಲ್ಲೆಯ ಅಂಕಿಗಳನ್ನು ತೆಗೆದುಕೊಂಡು ಈ ಮಾತನ್ನು ಪರೀಕ್ಷಿಸೋಣ. 1971ರ ಜನಗಣತಿಯಲ್ಲಿ ಅಲ್ಲಿಯ ಜನಸಂಖ್ಯೆ ಸುಮಾರು 11.5 ಲಕ್ಷ, 1981ರಲ್ಲಿ 14.2 ಲಕ್ಷ, 1991ರಲ್ಲಿ 16.4 ಲಕ್ಷ, 2001ರಲ್ಲಿ 17.6 ಲಕ್ಷ, 2011ರಲ್ಲಿ 18.1 ಲಕ್ಷ. ಎಪ್ಪತ್ತರ ದಶಕದಲ್ಲಿ ನೂರಕ್ಕೆ 23ರಂತೆ ಬೆಳೆದ ಜಿಲ್ಲೆಯು ಈ ಶತಮಾನದ ಮೊದಲ ದಶಕದಲ್ಲಿ ನೂರಕ್ಕೆ ಎರಡೂವರೆಯಷ್ಟೂ ಬೆಳೆಯಲಿಲ್ಲ. ಅದೇ ಹತ್ತು ವರ್ಷಗಳಲ್ಲಿ ಕರ್ನಾಟಕದ ಒಟ್ಟು ಜನಸಂಖ್ಯೆಯು ನೂರಕ್ಕೆ 15.6ರಷ್ಟೂ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆಯು ನೂರಕ್ಕೆ 47ರಷ್ಟೂ ಹೆಚ್ಚಿದವು. (ಕಾಫಿಯ ನಾಡಾದ ಚಿಕ್ಕಮಗಳೂರು ಜಿಲ್ಲೆಯಲ್ಲಂತೂ 2001ರಲ್ಲಿ ಇದ್ದವರಿಗಿಂತ 2011ರಲ್ಲಿ ಇದ್ದವರೇ ಕಡಿಮೆ.) ಮಂಡ್ಯವು ಬರದ ಸೀಮೆಯಾಗಿದ್ದಿದ್ದರೆ ಇದರಲ್ಲಿ ಸೋಜಿಗವೇನೂ ಇರುತ್ತಿರಲಿಲ್ಲ. ಆದರೆ ಕಾವೇರಿಯ ನೀರು, ಬತ್ತ, ಕಬ್ಬು, ಸಕ್ಕರೆ ಕಾರ್ಖಾನೆ, ರೈಲು, ಹೆದ್ದಾರಿ ಎಲ್ಲವೂ ಇರುವ ನಾಡು ಅದು. ಅಭಿವೃದ್ಧಿ ಹೊಂದಿದ ನಾಡಿನಲ್ಲಿ ಜನರು ಹೆಚ್ಚುವರೋ, ಕಡಿಮೆಯಾಗುವರೋ? ಎರಡೂ ಆಗುತ್ತದೆ, ಆದರೆ ಬೇರೆ ಬೇರೆ ಕಾಲದಲ್ಲಿ ಎಂಬುದೇ ಈ ಜಿಲ್ಲೆಯು ನಮಗೆ ಕೊಡುವ ಉತ್ತರ.

ಕನ್ನಂಬಾಡಿ ಕಟ್ಟೆಯ ಕೆಲಸವು 1911ರಲ್ಲಿ ಪ್ರಾರಂಭವಾಯಿತು. ಆಗ ಇರ್ವಿನ್ ನಾಲೆಯೆಂದು ಕರೆಯುತ್ತಿದ್ದ, ಈಗಿನ ವಿಶ್ವೇಶ್ವರಯ್ಯ ನಾಲೆಯು ಹುಲಿಕೆರೆಯ ಸುರಂಗವನ್ನು ಹಾದು 1930ರ ದಶಕದಲ್ಲಿ ಮಂಡ್ಯದ ಬಯಲಿಗೆ ನೀರನ್ನು ತಂದಿತು. ಅದುವರೆಗೆ ರಾಗಿ, ಹುರುಳಿಗಳನ್ನು ಮಳೆಯ ದಯೆಯಿಂದ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು. ಮೈಸೂರು ಸಕ್ಕರೆ ಕಂಪನಿಯು 1933ರಲ್ಲಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಆದರೆ ನೀರಿನೊಡನೆ ಬಂದುದು ಐಶ್ವರ್ಯವೊಂದೇ ಅಲ್ಲ. ನಾಲೆಯ ಜೌಗಿನಲ್ಲಿ ಸೊಳ್ಳೆಗಳು ಹುಲುಸಾಗಿ ಬೆಳೆದು, ಮಲೇರಿಯಾ ಜ್ವರವು ಹಳ್ಳಿಗಳನ್ನು ಹೊಕ್ಕಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ಮೊದಲಾಗಿ, ಮನೆಯ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸತೊಡಗಿದ ಮೇಲೆಯೇ ಸಾವಿನ ತೂಬು ನಿಜವಾಗಿ ಕಿರಿದಾಯಿತು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ವಾಚಕರು ಗಮನಿಸಬೇಕು. 1951ರ ಸುಮಾರಿಗೆ ಭಾರತದಲ್ಲಿ ಪ್ರತಿ ಸಾವಿರ ಜನಕ್ಕೆ ವರ್ಷಕ್ಕೆ ಹುಟ್ಟುತ್ತಿದ್ದವರು ಹತ್ತಿರ ಹತ್ತಿರ 40. ಸಾಯುತ್ತಿದ್ದವರು ಸುಮಾರು 25. ಉಳಿಕೆ 15, ಎಂದರೆ ನೂರಕ್ಕೆ ಒಂದೂವರೆ. ಈ ಉಳಿಕೆಯು ಚಕ್ರಬಡ್ಡಿಯಂತೆ ಬೆಳೆಯುತ್ತದೆ. 70ನ್ನು ಬೆಳವಣಿಗೆಯ ದರದಿಂದ ಭಾಗಿಸಿದರೆ ಇಮ್ಮಡಿಯಾಗುವ ಕಾಲವು ಸ್ಥೂಲವಾಗಿ ದೊರೆಯುತ್ತದೆ. ಒಂದೂವರೆಯಾದರೆ 47 ವರ್ಷ. ಸಾವು ಇನ್ನಷ್ಟು ಇಳಿದು ದರವು ಎರಡಾದರೆ 35 ವರ್ಷ ಮಾತ್ರ. ಹುಟ್ಟುವವರ ಸಂಖ್ಯೆ ಒಂದಿಷ್ಟೂ ಹೆಚ್ಚದಿದ್ದರೂ ಇದು ನಡೆಯುತ್ತದೆ! ಹಳ್ಳಿಯ ಜನರು ಹೆಚ್ಚು ಮಕ್ಕಳನ್ನು ಹೆತ್ತುದರಿಂದ ಜನಸಂಖ್ಯೆ ಉಕ್ಕಿತೆಂದು ಹೇಳುವವರು ಈ ಲೆಕ್ಕವನ್ನು ಮಾಡಿ ನೋಡುವುದು ಒಳ್ಳೆಯದು. ಹುಟ್ಟಿದ ಮಕ್ಕಳು ಸಾಯದೆ ಉಳಿದುದೇ ಅದರ ಕಾರಣ. 1951ರಲ್ಲಿ 1.94 ಕೋಟಿಯಿದ್ದ ಇಂದಿನ ಕರ್ನಾಟಕ ಪ್ರದೇಶದ ಜನಸಂಖ್ಯೆಯು 2011ರಲ್ಲಿ 6.11 ಕೋಟಿಯಾಯಿತು.

ಉಳಿದ ಮಕ್ಕಳು ಬೆಳೆದು ಪಾಲು ಕೇಳಿದರು. ಎಂಟು ಎಕರೆ ಹೊಲವಿದ್ದ ಒಬ್ಬ ರೈತನನ್ನು ಊಹಿಸಿಕೊಳ್ಳೋಣ. ನಾಲೆಯ ನೀರಿನಿಂದ ಅವನ ಭೂಮಿಯ ಇಳುವರಿ ಎರಡರಷ್ಟಾಯಿತೆಂದೇ ಇಟ್ಟುಕೊಳ್ಳೋಣ. ನಾಲ್ವರು ಮಕ್ಕಳಿಗೆ ತಲಾ ಎರಡು ಎಕರೆ. ಅವರಿಗೆ ಇಬ್ಬಿಬ್ಬರು ಮಕ್ಕಳಾದರೆ ಮೊಮ್ಮಗನ ಪಾಲಿಗೆ ಒಂದು ಎಕರೆ. ಇಳುವರಿಯು ಇಮ್ಮಡಿಸಿದ ಮೇಲೆಯೂ ಮೊಮ್ಮಗನಿಗೆ ದಕ್ಕುವುದು ಅಜ್ಜನು ನೀರಿಲ್ಲದ ಕಾಲದಲ್ಲಿ ಬೆಳೆದುದರ ಕಾಲು ಭಾಗ! ನೀರು ಒಮ್ಮೆ ಮಾತ್ರ ಬಂದಿತು. ಪಾಲು ಪ್ರತಿಯೊಂದು ತಲೆಮಾರಿನಲ್ಲಿಯೂ ಆಗುತ್ತದೆ.

ಈ ಪರಿಣಾಮವನ್ನು ಹತ್ತಿರದಿಂದ ಕಂಡವರೊಬ್ಬರಿದ್ದಾರೆ. ಸ್ಕಾರ್ಲೆಟ್ ಎಪ್ಸ್ಟೀನ್ ಎಂಬ ವಿದುಷಿಯು 1954ರಲ್ಲಿ ಮಂಡ್ಯದ ಬಳಿಯ ಎರಡು ಹಳ್ಳಿಗಳಿಗೆ ಬಂದು, ಅಲ್ಲಿಯ ಜೀವನವನ್ನು ಅಭ್ಯಾಸ ಮಾಡಿದರು. ನಿಜವಾದ ಹೆಸರುಗಳನ್ನು ಮರೆಮಾಚಿ ಅವುಗಳನ್ನು ವಂಗಲ, ದಲೇನ ಎಂದು ಕರೆದರು. 1962ರಲ್ಲಿ ಅವರ ಗ್ರಂಥ ಪ್ರಕಟವಾಯಿತು. ವಂಗಲಕ್ಕೆ ನಾಲೆಯ ನೀರು ಬಂದಿತ್ತು. ದಲೇನವು ಎತ್ತರದಲ್ಲಿದ್ದುದರಿಂದ ಅದರ ಭೂಮಿ ಒಣಗಿಯೇ ಉಳಿದಿತ್ತು. ನೀರು ಬಂದ ಹಳ್ಳಿಯು ಹೆಚ್ಚು ಬದಲಾಗಿರಬೇಕೆಂದು ಯಾರಾದರೂ ನಿರೀಕ್ಷಿಸುವರು. ಆದುದು ಬೇರೆ. ವಂಗಲದ ರೈತರು ಕಬ್ಬು ಬೆಳೆದು ಹಣವಂತರಾದರು, ಆದರೆ ಒಕ್ಕಲುತನವನ್ನೂ ಊರಿನ ಹಳೆಯ ಕಟ್ಟುಕಟ್ಟಳೆಗಳನ್ನೂ ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡರು. ದಲೇನದವರಿಗೆ ಸುತ್ತಲಿನ ಐಶ್ವರ್ಯದಲ್ಲಿ ಪಾಲು ಬೇಕಾದರೆ ಊರಿನಿಂದ ಹೊರಬರದೆ ಗತಿಯಿರಲಿಲ್ಲ. ಅವರು ಕಾರ್ಖಾನೆಯ ಕೆಲಸಕ್ಕೆ ಹೋದರು, ವ್ಯಾಪಾರಕ್ಕೆ ಇಳಿದರು, ಬೇರೆ ಊರುಗಳಲ್ಲಿ ನೀರಾವರಿ ಭೂಮಿಯನ್ನು ಕೊಂಡರು. ಹಳೆಯ ಕಟ್ಟುಗಳು ಸಡಿಲವಾದುದು ಅಲ್ಲಿಯೇ. ಕೋಡಿಯು ಮೊದಲು ಹರಿದುದು ಒಣ ಹಳ್ಳಿಯಲ್ಲಿ. ನೀರಾವರಿ ಹಳ್ಳಿಯು ಪಾಲುಗಳು ಸಣ್ಣವಾಗುವವರೆಗೆ ತಡೆದು ನಿಂತಿತು, ಅಷ್ಟೆ.

ಈ ನಡುವೆ ಒಳಹರಿವೂ ಇಳಿಯಿತು. ಮೈಸೂರು ಸರ್ಕಾರವು 1930ರಷ್ಟು ಹಿಂದೆಯೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದು, ಪ್ರಪಂಚದ ಯಾವ ಸರ್ಕಾರವೂ ಮಾಡದಿದ್ದ ಕೆಲಸವನ್ನು ಮಾಡಿತ್ತು. ಆದರೆ ಹುಟ್ಟಿದ ಮಗು ಉಳಿಯುವ ಭರವಸೆಯಿಲ್ಲದ ಕಾಲದಲ್ಲಿ ಹಳ್ಳಿಯ ತಾಯಿಗೆ ಅದರಿಂದೇನು? ಐವತ್ತು ವರ್ಷಗಳ ತರುವಾಯ, 1979ರಿಂದ ಮುಂದಕ್ಕೆ, ಜಾನ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿಗಳು ಪಿ. ಎಚ್. ರೆಡ್ಡಿಯವರೊಡನೆ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಸಂಶೋಧನೆ ನಡೆಸಿದಾಗ ತಂದೆತಾಯಿಗಳ ಲೆಕ್ಕಾಚಾರವೇ ಬದಲಾಗಿತ್ತು. ದನ ಕಾಯುವ ಮಗನು ದುಡಿಯುವ ಕೈ. ಶಾಲೆಗೆ ಹೋಗುವ ಮಗನು ಖರ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಣ್ಣೊಬ್ಬಳಿಗೆ ಸರಾಸರಿ ಮಕ್ಕಳು 1.7. ಒಂದು ತಲೆಮಾರು ತನ್ನ ಸ್ಥಾನವನ್ನು ತಾನೇ ತುಂಬಲು ಸುಮಾರು 2.1 ಬೇಕು.

ಹಾಗಾದರೆ ಜನಸಂಖ್ಯೆಯು ಕೂಡಲೇ ಏಕೆ ಇಳಿಯುವುದಿಲ್ಲ? ಕಟ್ಟೆಯಲ್ಲಿ ಬಾಗಿಲು ಮುಚ್ಚಿದ ಮೇಲೆಯೂ ನಾಲೆಯ ಕೊನೆಯ ಗದ್ದೆಗೆ ಕೆಲವು ದಿನ ನೀರು ಹರಿಯುತ್ತಲೇ ಇರುವುದನ್ನು ಮಂಡ್ಯದ ರೈತರೆಲ್ಲರೂ ಬಲ್ಲರು. ಅದರಂತೆಯೇ, ದೊಡ್ಡ ಕುಟುಂಬಗಳಲ್ಲಿ ಎಪ್ಪತ್ತರ ದಶಕದಲ್ಲಿ ಹುಟ್ಟಿದವರು ತೊಂಬತ್ತರ ದಶಕದಲ್ಲಿ ತಂದೆತಾಯಿಗಳಾದರು. ಅವರಿಗೆ ಇಬ್ಬಿಬ್ಬರೇ ಮಕ್ಕಳಾದರೂ, ಅವರೇ ಬಹುಮಂದಿಯಾದುದರಿಂದ ಹುಟ್ಟು ಸಾವನ್ನು ಮೀರಿಯೇ ಇತ್ತು. ಆದುದರಿಂದ 2001ರಿಂದ 2011ರವರೆಗೆ ಮಂಡ್ಯದ ಬೆಳವಣಿಗೆ ಅಷ್ಟು ಕುಗ್ಗಿದುದಕ್ಕೆ ಕಡಿಮೆ ಹುಟ್ಟೊಂದೇ ಕಾರಣವಾಗಲಾರದು. ಕೋಡಿಯು ಜೋರಾಗಿ ಹರಿಯುತ್ತಿತ್ತು.

ಕೋಡಿಯ ನೀರಿಗೂ ಊರು ಬಿಡುವ ಜನಕ್ಕೂ ಒಂದು ಭೇದವುಂಟು, ನಮ್ಮ ಉಪಮಾನವು ಸೋಲುವುದು ಇಲ್ಲಿಯೇ. ನೀರಿನ ಕಣಗಳೆಲ್ಲ ಒಂದೇ. ಊರು ಬಿಡುವವರು ಹಾಗಲ್ಲ. ಓದಿದವರೂ ತರುಣರೂ ಮೊದಲು ಹೋಗುತ್ತಾರೆ. ಕಬ್ಬು ಕಡಿಯಲು ಆಳುಗಳಿಲ್ಲದೆ ಬಳ್ಳಾರಿಯ ಕಡೆಯಿಂದ ಜನರನ್ನು ಕರೆಸಬೇಕಾಗುತ್ತದೆ. ಹೆಣ್ಣುಮಕ್ಕಳನ್ನು ಪೇಟೆಯಲ್ಲಿ ಸಂಬಳವಿರುವವನಿಗೆ ಕೊಡಲು ಹೆತ್ತವರು ಬಯಸುತ್ತಾರೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಸೀಮೆಯ ಅವಿವಾಹಿತ ರೈತ ತರುಣರು ಹೆಣ್ಣು ದೊರೆಯಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದ ಸುದ್ದಿಯನ್ನು ಓದಿ ನಕ್ಕವರಿದ್ದಾರೆ. ನಮಗೆ ನಗೆ ಬರಲಿಲ್ಲ. ಅದೇ ವರ್ಷದ ಕೊನೆಯಲ್ಲಿ, ಅದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಗುಟ್ಟಾಗಿ ಯಂತ್ರವನ್ನಿಟ್ಟು ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದ ದಂಧೆಯನ್ನು ಪೊಲೀಸರು ಬಯಲಿಗೆಳೆದರು. ಇಬ್ಬರೇ ಮಕ್ಕಳು ಸಾಕು, ಆದರೆ ಒಂದು ಗಂಡು ಬೇಕೇ ಬೇಕು ಎಂಬ ಮನೆಗಳು ಒಂದು ಕಡೆ. ಇಪ್ಪತ್ತೈದು ವರ್ಷಗಳ ಮೇಲೆ ಆ ಗಂಡಿಗೆ ಹೆಣ್ಣೆಲ್ಲಿ ಎಂಬ ಪ್ರಶ್ನೆ ಇನ್ನೊಂದು ಕಡೆ. ಇಲ್ಲಿಯೂ ಪರಿಣಾಮವು ಕಾರಣಕ್ಕಿಂತ ಒಂದು ತಲೆಮಾರು ತಡವಾಗಿಯೇ ಬರುತ್ತದೆ.

2021ರಲ್ಲಿ ನಡೆಯಬೇಕಾಗಿದ್ದ ಜನಗಣತಿಯು ಮುಂದಕ್ಕೆ ಹೋದುದರಿಂದ, ಶಾಲೆ, ಆಸ್ಪತ್ರೆ, ಪಡಿತರಗಳ ಲೆಕ್ಕವನ್ನು ಬಹುಕಾಲ 2011ರ ಅಂಕಿಗಳ ಮೇಲೆಯೇ ಹಾಕಬೇಕಾಯಿತು. ಕಳೆದ ವರ್ಷ ನಾವು ಪದವಿ ತರಗತಿಯಲ್ಲಿ ಈ ಕೆರೆಯ ಉಪಮಾನವನ್ನು ವಿವರಿಸುತ್ತಿದ್ದಾಗ ನಾಲೆಯ ಸೀಮೆಯ ವಿದ್ಯಾರ್ಥಿಯೊಬ್ಬನು ಎದ್ದು ನಿಂತನು. ಅವನ ಅಣ್ಣನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಶನಿವಾರ ರಾತ್ರಿ ಊರಿಗೆ ಬಂದು, ಭಾನುವಾರ ಗದ್ದೆಗೆ ನೀರು ಕಟ್ಟಿ, ಸೋಮವಾರ ಬೆಳಗಿನ ಜಾವದ ರೈಲಿಗೆ ಹಿಂದಿರುಗುವನಂತೆ. "ಸಾರ್, ನಮ್ಮ ಅಣ್ಣನನ್ನು ಯಾವ ಊರಿನ ಲೆಕ್ಕಕ್ಕೆ ಬರೆಯುತ್ತಾರೆ?" ಎಂದು ಕೇಳಿದನು. ವಾಡಿಕೆಯಾಗಿ ಎಲ್ಲಿ ವಾಸಿಸುತ್ತಾನೋ ಅಲ್ಲಿ, ಆದುದರಿಂದ ಬೆಂಗಳೂರಿನಲ್ಲಿ, ಎಂದು ನಾವು ನಿಯಮವನ್ನು ಹೇಳಿದೆವು.

"ಅವನ ಪಡಿತರ ಚೀಟಿ, ಓಟು ಎರಡೂ ಊರಿನಲ್ಲೇ ಇವೆ, ಸಾರ್" ಎಂದು ಹೇಳಿ ಅವನು ಕುಳಿತುಕೊಂಡನು.