ಊದ್ ಯಾರ ಮೈಗೆ ಒಪ್ಪುತ್ತದೆ?

ಕಲಬುರಗಿಯ ಖ್ವಾಜಾ ಬಂದೇನವಾಜ್ ದರ್ಗಾದ ಉರುಸಿರಲಿ, ವಾಡಿ ಪಕ್ಕದ ಹಲಕಟ್ಟಾ ಷರೀಫಿನ ಉರುಸಿರಲಿ, ಅತ್ತರು ಮಾರುವವನು ಗಿರಾಕಿಯ ಸ್ವಭಾವ ಎಂಥದ್ದೆಂದು ವಿಚಾರಿಸುವುದಿಲ್ಲ. ಗಾಜಿನ ಸಣ್ಣ ಕಡ್ಡಿಯನ್ನು ಶೀಶೆಯಲ್ಲಿ ಅದ್ದಿ ಎದುರಿಗಿದ್ದವರ ಮುಂಗೈ ಮೇಲೆ ಒಂದು ಗೆರೆ ಎಳೆಯುತ್ತಾನೆ. ಹಿಡಿಸಿತು ಅಂದರೆ ಹತ್ತಿಯ ಚೂರಿಗೆ ಒಂದಿಷ್ಟು ಸವರಿ ಕೊಡುತ್ತಾನೆ. ಕೊಂಡವರು ಅದನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಜಾತ್ರೆಯೊಳಗೆ ಸೇರಿಹೋಗುತ್ತಾರೆ. ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುವವನಿಗೂ ಸೇಡಂನ ತೊಗರಿ ವ್ಯಾಪಾರಿಗೂ ಅದೇ ಶೀಶೆಯ ಊದ್.

ದೊಡ್ಡ ಪೇಟೆಯ ಸೆಂಟಿನ ಅಂಗಡಿಗಳ ಮಾತೇ ಬೇರೆ. ಅಲ್ಲಿ ಊದ್ ಪರಿಮಳಕ್ಕೆ ಒಂದು ವ್ಯಕ್ತಿತ್ವವನ್ನೇ ಅಂಟಿಸಿರುತ್ತಾರೆ: ಗಂಭೀರ, ಮಿತಭಾಷಿ, ಆತ್ಮವಿಶ್ವಾಸಿ, ಸ್ವಲ್ಪ ನಿಗೂಢ. ಮೈಕೆಲ್ ಎಡ್ವರ್ಡ್ಸ್ ಎಂಬ ತಜ್ಞರು ರೂಪಿಸಿದ ಪರಿಮಳಗಳ ಚಕ್ರದಲ್ಲಿ ಇಂಥ ಸೆಂಟುಗಳಿಗೆ ಬಹುಕಾಲ ‘ವುಡಿ ಓರಿಯಂಟಲ್’ ಎಂಬ ಹೆಸರಿತ್ತು; 2021ರಲ್ಲಿ ‘ಓರಿಯಂಟಲ್’ ಎಂಬುದನ್ನು ತೆಗೆದು ‘ಆಂಬರ್’ ಎಂದು ಬದಲಿಸಿದರು. ಹೆಸರು ಬದಲಾದರೂ ಸ್ವಭಾವದ ಕಥೆ ಹಾಗೇ ಉಳಿದಿದೆ. ಆ ಕಥೆಗೆ ವಿಜ್ಞಾನದ ಬೆಂಬಲ ತೀರ ತೆಳು. ಹಾಗೆಂದು ಊದ್ ಎಲ್ಲರಿಗೂ ಒಂದೇ ರೀತಿ ಒಪ್ಪುತ್ತದೆಂದಲ್ಲ. ಅದು ಯಾರಿಗೆ ಒಪ್ಪುತ್ತದೆ ಎನ್ನುವುದನ್ನು ತೀರ್ಮಾನಿಸುವವು ಮೂಗು, ಚರ್ಮ, ಹವೆ ಮತ್ತು ಬೆಳೆದ ಮನೆ.

ಮೊದಲು ಮರದ ವಿಷಯ. ಊದ್ ಸಿಗುವುದು ಅಕ್ವಿಲೇರಿಯಾ ಎಂಬ ಕುಲದ ಮರಗಳಿಂದ. ನಾವು ಅಗರು ಎನ್ನುವ ಮರ. ಭಾರತದಲ್ಲಿ ಅದರ ತವರು ಅಸ್ಸಾಂ, ತ್ರಿಪುರಾ ಕಡೆಯ ಮಳೆಕಾಡು. ಆರೋಗ್ಯವಾಗಿರುವ ಅಗರು ಮರವನ್ನು ಕಡಿದರೆ ಸಿಗುವುದು ಬಿಳಿಚಿದ, ಹಗುರಾದ, ಹೆಚ್ಚುಕಡಿಮೆ ವಾಸನೆಯೇ ಇಲ್ಲದ ಕಟ್ಟಿಗೆ. ಕಾಂಡಕೊರಕ ಹುಳು ತೂತು ಕೊರೆದಾಗ, ಕೊಂಬೆ ಮುರಿದಾಗ, ಆ ಗಾಯದೊಳಗೆ ಶಿಲೀಂಧ್ರ ಹೊಕ್ಕಾಗ ಮರ ತನ್ನ ರಕ್ಷಣೆಗೆ ಒಂದು ರಾಳವನ್ನು ತಯಾರಿಸತೊಡಗುತ್ತದೆ. ವರ್ಷಗಳು ಕಳೆದಂತೆ ಗಾಯದ ಸುತ್ತಲಿನ ಕಟ್ಟಿಗೆ ಕಪ್ಪಾಗುತ್ತದೆ, ತೂಕ ಬರುತ್ತದೆ. ಒಳ್ಳೆಯ ತುಂಡು ನೀರಿಗೆ ಹಾಕಿದರೆ ಮುಳುಗುವಷ್ಟು. ಆ ಕಪ್ಪು ಭಾಗವೇ ಊದ್.

ನಮ್ಮ ಶ್ರೀಗಂಧದ ದಾರಿ ಇದಲ್ಲ. ಗಂಧದ ಮರ ವಯಸ್ಸಾದಂತೆ ತನ್ನ ಚೇಗಿನಲ್ಲಿ ತಾನಾಗಿಯೇ ಪರಿಮಳದ ಎಣ್ಣೆ ತುಂಬಿಕೊಳ್ಳುತ್ತದೆ. ಅದಕ್ಕೆ ಗಾಯವೂ ಬೇಕಿಲ್ಲ, ರೋಗವೂ ಬೇಕಿಲ್ಲ. ಆದರೂ ರಸಾಯನಶಾಸ್ತ್ರದ ಕಣ್ಣಲ್ಲಿ ಇವೆರಡೂ ದಾಯಾದಿಗಳು. ಎರಡರ ಎಣ್ಣೆಯಲ್ಲೂ ಮುಖ್ಯವಾಗಿರುವುದು 15 ಇಂಗಾಲದ ಪರಮಾಣುಗಳಿರುವ ಸೆಸ್ಕ್ವಿಟರ್ಪೀನ್ ಬಳಗದ ಅಣುಗಳು. ನಿಂಬೆ ಸಿಪ್ಪೆ ಹಿಂಡಿದಾಗ ಮೂಗಿಗೆ ಹೊಡೆಯುವ ಲಿಮೊನೀನ್‌ನಲ್ಲಿ 10 ಇಂಗಾಲ ಮಾತ್ರ. ಹಗುರ ಅಣು ಬೇಗ ಹಾರಿಹೋಗುತ್ತದೆ, ಭಾರದ್ದು ಮೈಗೆ ಅಂಟಿ ಕೂರುತ್ತದೆ. ಊದ್ ಬೆಳಿಗ್ಗೆ ಸವರಿದರೆ ಸಂಜೆಗೂ ಇರುವುದಕ್ಕೆ ಇದೇ ಕಾರಣ.

ಅಗರಿನಲ್ಲಿ ಇನ್ನೊಂದು ಜಾತಿಯ ವಸ್ತುವಿದೆ, ಕ್ರೋಮೋನ್‌ಗಳು. ಭಟ್ಟಿ ಇಳಿಸುವಾಗ ಇವು ಆವಿಯ ಜೊತೆ ಸುಲಭವಾಗಿ ಮೇಲೇಳುವುದಿಲ್ಲ. ಕೆಂಡದ ಮೇಲೆ ಚಕ್ಕೆ ಇಟ್ಟಾಗ ಮಾತ್ರ ಒಡೆದು, ಬಾದಾಮಿ–ಸೋಂಪಿನ ಛಾಯೆಯ ಸಿಹಿ ವಾಸನೆ ಕೊಡುವ ಅಣುಗಳಾಗುತ್ತವೆ. ಹಾಗಾಗಿ ಅದೇ ಮರದ ಧೂಪ ಒಂದು ಬಗೆ, ಅತ್ತರು ಇನ್ನೊಂದು ಬಗೆ. ಭಟ್ಟಿಗೆ ಮುನ್ನ ಚಕ್ಕೆಗಳನ್ನು ದಿನಗಟ್ಟಲೆ ನೀರಲ್ಲಿ ನೆನೆಹಾಕುವುದರಿಂದ ಅತ್ತರಿಗೆ ಕೊಟ್ಟಿಗೆಯ ಹುಳಿ ಘಾಟು ಬೇರೆ ಸೇರುತ್ತದೆ. ಮೊದಲ ಸಲ ಮೂಸಿದವರು ಮುಖ ಹಿಂಡುವುದು ಈ ಘಾಟಿಗೆ.

ಸುಣ್ಣದ ಕಲ್ಲು ಮತ್ತು ಕರಿಮಣ್ಣಿನ ಕಲಬುರಗಿ ಸೀಮೆಯಲ್ಲಿ ಅಗರು ಮರ ಬೆಳೆಯುವುದಿಲ್ಲ. ಆದರೆ ಅದರ ಪರಿಮಳ ಇಲ್ಲಿಗೆ ಹೊಸದೇನಲ್ಲ. ದಂಡೋತಿಯ ಬಳಿ ಹರಿಯುವ ಕಾಗಿಣಾ ನದಿಯ ದಂಡೆಯಲ್ಲೇ ಮಳಖೇಡವಿದೆ. ಅದು ರಾಷ್ಟ್ರಕೂಟರ ಮಾನ್ಯಖೇಟ. ಕ್ರಿ.ಶ. 851ರ ಸುಮಾರಿಗೆ ಅರಬ್ ವ್ಯಾಪಾರಿಗಳ ಮಾತುಗಳನ್ನು ಕಲೆಹಾಕಿದ ಪುಸ್ತಕವೊಂದು ಇಲ್ಲಿನ ದೊರೆಯನ್ನು ‘ಬಲ್ಹರಾ’ ಎಂದು ಕರೆದು ಜಗತ್ತಿನ ನಾಲ್ವರು ದೊಡ್ಡ ರಾಜರಲ್ಲಿ ಎಣಿಸಿತು. ಅದೇ ಪುಸ್ತಕ ಈಗಿನ ವಿಯೆಟ್ನಾಮಿನ ಭಾಗವಾದ ಚಂಪಾದಿಂದ ಬರುವ ಊದನ್ನೂ ಹೆಸರಿಸುತ್ತದೆ. ಹಡಗಿನ ದಾರಿಯಲ್ಲಿ ಊದೂ ಮಾನ್ಯಖೇಟದ ಸುದ್ದಿಯೂ ಒಟ್ಟಿಗೆ ಸಾಗುತ್ತಿದ್ದ ಕಾಲವದು.

ರಾಷ್ಟ್ರಕೂಟರ ನಂತರ ಬಂದ ಚಾಲುಕ್ಯರಿಗೂ ಮೊದಮೊದಲು ಮಾನ್ಯಖೇಟವೇ ರಾಜಧಾನಿ. ಆ ವಂಶದ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯ ಎಂಬ ಕವಿ ಕನ್ನಡದಲ್ಲಿ ‘ಲೋಕೋಪಕಾರ’ ಬರೆದ. ಬಾವಿ ತೋಡುವುದು, ಗಿಡಮರ, ಅಡುಗೆ, ದನಕರುಗಳ ವೈದ್ಯ ಇವುಗಳ ಜೊತೆ ಸುಗಂಧ ತಯಾರಿಕೆಗೂ ಅದರಲ್ಲಿ ಜಾಗವಿದೆ. ಪರಿಮಳ ಕೂಡಿಸುವುದು ಬದುಕಿಗೆ ಬೇಕಾದ ವಿದ್ಯೆ ಎಂದು ಕನ್ನಡಿಗರು ಸಾವಿರ ವರ್ಷದ ಹಿಂದೆಯೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ರಾಜಧಾನಿ ಕಲ್ಯಾಣಕ್ಕೆ ಹೋದ ಮೇಲೆ 1127ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸನ 20 ಉಪಭೋಗಗಳನ್ನು ವಿವರಿಸಿದ; ಅವುಗಳಲ್ಲಿ ಮೈಗೆ ಬಳಿಯುವ ವಿಲೇಪನ ಒಂದು, ಧೂಪ ಇನ್ನೊಂದು.

ಈ ಪರಂಪರೆ ಸುಗಂಧದ ಬಗ್ಗೆ ಕೇಳಿದ ಪ್ರಶ್ನೆ ಇಂದಿನ ಜಾಹೀರಾತಿಗಿಂತ ಜಾಣತನದ್ದು. ಚರಕ ಸಂಹಿತೆಯ ಋತುಚರ್ಯೆಯ ಭಾಗ ಚಳಿಗಾಲದಲ್ಲಿ ಮೈಗೆ ದಪ್ಪನಾಗಿ ಅಗರು ಬಳಿದುಕೊಳ್ಳಲು ಹೇಳುತ್ತದೆ, ಬೇಸಿಗೆಗೆ ಚಂದನ ಹೇಳುತ್ತದೆ. ಅಗರು ಉಷ್ಣ, ಚಂದನ ಶೀತ ಎಂಬುದು ಆಯುರ್ವೇದದ ಎಣಿಕೆ. ಆಧುನಿಕ ವಿಜ್ಞಾನ ಈ ಉಷ್ಣ–ಶೀತದ ಲೆಕ್ಕವನ್ನು ಒಪ್ಪಬೇಕಿಲ್ಲ. ಆದರೂ ಯಾವ ಹವೆಗೆ ಯಾವ ಪರಿಮಳ ಎಂದು ಕೇಳಿದ್ದು ಸರಿಯಾಗಿಯೇ ಇದೆ, ಏಕೆಂದರೆ ಆವಿಯಾಗುವ ವೇಗ ಶಾಖದ ಕೈಯಲ್ಲಿದೆ.

ಇನ್ನು ಮೂಗು. ವಾಸನೆ ಹಿಡಿಯುವ ಗ್ರಾಹಕಗಳ ಜೀನ್ ಬಳಗವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಪತ್ತೆ ಮಾಡಿದರು. 2004ರಲ್ಲಿ ಅವರಿಗೆ ನೊಬೆಲ್ ಬಂತು. ಮನುಷ್ಯನಲ್ಲಿ ಕೆಲಸ ಮಾಡುವ ಇಂಥ ಗ್ರಾಹಕಗಳು ಸುಮಾರು 400 ಬಗೆ. ಎಲ್ಲರ 400ರ ಪಟ್ಟಿ ಒಂದೇ ಥರ ಇರುವುದಿಲ್ಲ. ಆಂಡ್ರೊಸ್ಟೆನೋನ್ ಎಂಬ ಅಣು ಕೆಲವರಿಗೆ ಮೂತ್ರದ ನಾತ, ಕೆಲವರಿಗೆ ಸಿಹಿ, ಕೆಲವರಿಗೆ ಏನೂ ಇಲ್ಲ. ಈ ವ್ಯತ್ಯಾಸದ ಒಂದು ಪಾಲು ಒಂದೇ ಗ್ರಾಹಕದ ಜೀನಿನಿಂದ ಬರುತ್ತದೆಂದು 2007ರಲ್ಲಿ ತಿಳಿಯಿತು. ಗಂಡ ತಲೆದೂಗಿದ ಸೆಂಟಿಗೆ ಹೆಂಡತಿ ಕಿಟಕಿ ತೆಗೆದರೆ ಇಬ್ಬರದೂ ಸುಳ್ಳಲ್ಲ, ಅವರು ಮೂಸುತ್ತಿರುವುದೇ ಬೇರೆ ಬೇರೆ.

2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ತುಂಬ ಮುಖ್ಯ. ಆರ್ಟಿನ್ ಅರ್ಷಾಮಿಯನ್, ಆಸಿಫಾ ಮಜೀದ್ ಮೊದಲಾದವರು ಕಾಡಿನ ಬೇಟೆಗಾರರಿಂದ ಹಿಡಿದು ನಗರವಾಸಿಗಳವರೆಗೆ, ಬೇರೆ ಬೇರೆ ಸಂಸ್ಕೃತಿಗಳ ಜನರಿಗೆ ಒಂದೇ ವಾಸನೆಗಳನ್ನು ಮೂಸಲು ಕೊಟ್ಟು ಇಷ್ಟದ ಕ್ರಮದಲ್ಲಿ ಜೋಡಿಸಲು ಹೇಳಿದರು. ಆಯ್ಕೆಗಳಲ್ಲಿ ಕಂಡ ವ್ಯತ್ಯಾಸದಲ್ಲಿ ಸಂಸ್ಕೃತಿಯ ಪಾಲು ಸುಮಾರು 6%. ಅಣುವಿನ ರಚನೆಯದು 41%. ಸುಮಾರು 54% ಆಯಾ ವ್ಯಕ್ತಿಯ ಸ್ವಂತ ರುಚಿ. ಪೂರ್ವದೇಶದವರ ಪರಿಮಳ, ಪಶ್ಚಿಮದವರ ಪರಿಮಳ ಎಂಬ ಗೋಡೆ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ. ಪಶ್ಚಿಮದ ಮಾರುಕಟ್ಟೆಯೂ ಆ ಗೋಡೆ ದಾಟಿದೆ: 2002ರಲ್ಲಿ ಇವ್ ಸೇಂಟ್ ಲಾರೆಂಟ್ ಸಂಸ್ಥೆ ಊದನ್ನೇ ಮುಂದಿಟ್ಟು ‘ಎಂ7’ ಎಂಬ ಸೆಂಟು ತಂದಿತು. ಅಲ್ಲಿಂದಾಚೆಗೆ ಯುರೋಪಿನ ದೊಡ್ಡ ಕಂಪನಿಗಳು ಒಂದಾದ ಮೇಲೊಂದು ಊದಿಗೆ ಮನಸೋತವು.

ಸ್ವಂತ ರುಚಿ ಎಲ್ಲಿಂದ ಬರುತ್ತದೆ? ಒಂದಿಷ್ಟು ಜೀನಿನಿಂದ, ಒಂದಿಷ್ಟು ನೆನಪಿನಿಂದ. ಮೂಗಿನ ಸಂಕೇತ ಭಾವನೆ ಮತ್ತು ನೆನಪಿನ ಮಿದುಳ ಭಾಗಗಳಿಗೆ ಬಹಳ ಹತ್ತಿರದ ದಾರಿಯಲ್ಲಿ ತಲುಪುತ್ತದೆ. ಗುರುವಾರ ಸಂಜೆ ಲೋಬಾನದ ಹೊಗೆ ಏಳುತ್ತಿದ್ದ ಮನೆಯಲ್ಲಿ ಬೆಳೆದವರಿಗೆ ಊದ್ ನೆಮ್ಮದಿ ಅನ್ನಿಸಬಹುದು. ಅದನ್ನು ಮೊದಲ ಸಲ ಸಾವಿನ ಮನೆಯಲ್ಲಿ ಮೂಸಿದವರಿಗೆ ಎದೆ ಭಾರವಾಗಬಹುದು.

ಚರ್ಮದ್ದೂ ಒಂದು ಮಾತಿದೆ. ಜೆಕ್ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ ತಾವು ಆರಿಸಿದ ಸೆಂಟನ್ನೂ ಬೇರೆಯವರು ಕೊಟ್ಟ ಸೆಂಟನ್ನೂ ಕಂಕುಳಿಗೆ ಹಚ್ಚಿಕೊಂಡರು. ಬಾಟಲಿಯಲ್ಲಿ ಎರಡೂ ಒಂದೇ ಮಟ್ಟಕ್ಕೆ ಇಷ್ಟವಾಗುವಂಥವು. ಆದರೆ ಮೈವಾಸನೆಯೊಡನೆ ಬೆರೆತಾಗ, ಸ್ವತಃ ಆರಿಸಿಕೊಂಡದ್ದೇ ಮೂಸಿದವರಿಗೆ ಹೆಚ್ಚು ಹಿತವೆನಿಸಿತು. ಜನ ತಮ್ಮ ಮೈಗೆ ಹೊಂದುವುದನ್ನೇ ಆರಿಸುತ್ತಾರೆಂದು ಆ ಪ್ರಯೋಗ ಸೂಚಿಸುತ್ತದೆ. ಮುಂಗೈ ಮೇಲೆ ಗೆರೆ ಎಳೆಯುವ ಅತ್ತರಿನವನ ಪದ್ಧತಿ ಇದಕ್ಕೆ ಸರಿಹೊಂದುತ್ತದೆ.

ಶೀಶೆಯೊಳಗೆ ಏನಿದೆ ಎನ್ನುವುದನ್ನೂ ಹೇಳಬೇಕು. ಕೆಲವು ನೂರು ರೂಪಾಯಿಗೆ ಸಿಗುವ ಊದಿನಲ್ಲಿ ಇರುವುದು ಪ್ರಯೋಗಾಲಯದಲ್ಲಿ ಕೂಡಿಸಿದ ಅಣುಗಳು. ಮರದ ದೃಷ್ಟಿಯಿಂದ ಅದು ಒಳ್ಳೆಯದೇ. ಗಾಯಗೊಂಡ ಮರ ಯಾವುದೆಂದು ಹೊರಗಿನಿಂದ ಗೊತ್ತಾಗದೆ ಕಾಡಿನ ಅಗರನ್ನು ಜನ ಸಾಲುಸಾಲಾಗಿ ಕಡಿದರು. ಅಸ್ಸಾಮಿನ ಪ್ರಭೇದ 1995ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲಿದೆ. ಈಗ ಮಲೆನಾಡು, ಕೊಡಗಿನ ತೋಟಗಳಲ್ಲಿ ಕಾಫಿ–ಅಡಿಕೆಯ ನಡುವೆ ಅಗರು ನೆಟ್ಟು, ಕಾಂಡಕ್ಕೆ ತೂತು ಕೊರೆದು ಶಿಲೀಂಧ್ರ ಸೇರಿಸುವ ಬೇಸಾಯ ನಡೆದಿದೆ. ರಾಳ ಮರದಿಂದ ಮರಕ್ಕೆ ಬದಲಾಗುತ್ತದೆ. ಕೋಟಿಗಳ ಆಸೆ ತೋರಿಸುವವರ ಮಾತು ನಂಬುವ ಮುನ್ನ ಕೊಳ್ಳುವವರು ಯಾರೆಂದು ಬೆಳೆಗಾರರು ವಿಚಾರಿಸಿಕೊಳ್ಳುವುದು ಕ್ಷೇಮ.

ಚಿತ್ತಾಪುರ, ಚಿಂಚೋಳಿ ಕಡೆ ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಆ ಶಾಖದಲ್ಲಿ ನಿಂಬೆ, ಮಲ್ಲಿಗೆಯ ಹಗುರ ಪರಿಮಳಗಳು ಬೇಗ ಹಾರಿಹೋಗುತ್ತವೆ, ಊದ್ ಮಾತ್ರ ಕಾದು ಇಡೀ ಕೋಣೆ ತುಂಬುತ್ತದೆ. ಚಳಿಗಾಲದಲ್ಲಿ ಎರಡು ಹನಿ ಹಚ್ಚುವವರಿಗೆ ಬೇಸಿಗೆಯಲ್ಲಿ ಕಡ್ಡಿಯ ತುದಿಯಷ್ಟು ಸಾಕು. ಒಣಚರ್ಮದವರು ಮೊದಲು ಒಂದಿಷ್ಟು ಎಣ್ಣೆ ಸವರಿಕೊಂಡರೆ ಪರಿಮಳ ಹೆಚ್ಚು ಹೊತ್ತು ನಿಲ್ಲುತ್ತದೆ. ಕೊಳ್ಳುವ ಮುನ್ನ ಮುಂಗೈಗೆ ಹಚ್ಚಿಸಿಕೊಂಡು ಬಜಾರು ಒಂದು ಸುತ್ತು ತಿರುಗಬೇಕು, ಕೊಟ್ಟಿಗೆಯ ಘಾಟು ಇಳಿದು ಮರದ ವಾಸನೆ ಮೇಲೆ ಬರುವವರೆಗೆ. ತನ್ನ ಮೂಗು ಬೇಗ ಒಗ್ಗಿಹೋಗುವುದರಿಂದ ಜೊತೆಗಿದ್ದವರಿಗೂ ಮೂಸಲು ಕೊಡುವುದು ಒಳ್ಳೆಯದು.