ಗೋಡೆಯಾಚೆಯ ತರಂಗ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಬಿದರೆಹಳ್ಳ ಕಾವಲ್ ಎಂಬ ಪ್ರದೇಶವಿದೆ. ಕಾವಲ್ ಎಂದರೆ ಹಿಂದಿನ ಕಾಲದಲ್ಲಿ ದನಗಳ ಮೇವಿಗಾಗಿ ಕಾದಿರಿಸುತ್ತಿದ್ದ ಹುಲ್ಲುಗಾವಲು. ಈಗ ಅಲ್ಲಿ 615 ಎಕರೆಗಳಲ್ಲಿ ಹಿಂದೂಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ನಿಂತಿದೆ. 2023ರ ಫೆಬ್ರುವರಿ 6ರಂದು ಅದರ ಉದ್ಘಾಟನೆಯಾಯಿತು. ಇದಕ್ಕೆ ಅನತಿದೂರದ ಹಳ್ಳಿಯೊಂದರಲ್ಲಿ ನನ್ನ ತಂಗಿಯ ಮನೆ. ನೆರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯೇ ಬಂದಿದ್ದರೂ ಈ ಮನೆಯಲ್ಲಿ ಅಂತರಜಾಲದ ತರಂಗವು ಪಡಸಾಲೆಯಿಂದ ಒಳಕೋಣೆಯವರೆಗೆ ತಲುಪಲು ಹೆಣಗುತ್ತಿತ್ತು.

ತಂಗಿಯ ಮಗಳು ಆಗತಾನೆ ಪದವಿ ಮುಗಿಸಿದ್ದಳು. ದೂರದ ಸಂಸ್ಥೆಯೊಂದು ಅವಳನ್ನು ಉದ್ಯೋಗದ ಸಂದರ್ಶನಕ್ಕೆ ಆರಿಸಿತ್ತು. ಶನಿವಾರ ಸಂಜೆ ಏಳು ಗಂಟೆಗೆ ಲ್ಯಾಪ್‌ಟಾಪಿನ ಮುಂದೆ ಕುಳಿತು ಉತ್ತರ ಹೇಳಬೇಕು. ಆದರೆ ಸಂಜೆಯಾಯಿತೆಂದರೆ ಸಂಪರ್ಕ ಕಡಿದುಹೋಗುತ್ತಿತ್ತು. ಎದುರಿನವರ ಮುಖ ಪರದೆಯ ಮೇಲೆ ಕಲ್ಲಿನಂತೆ ನಿಂತುಬಿಡುತ್ತಿತ್ತು; ಮಾತು ಅರ್ಧಕ್ಕೇ ತುಂಡಾಗುತ್ತಿತ್ತು. ಯಂತ್ರ ಹಳೆಯದಾಯಿತೆಂದು ಭಾವನವರು ತೀರ್ಮಾನಿಸಿದ್ದರು. ಒಳ್ಳೆಯ ಬೆಲೆ ಬರಲೆಂದು ಅಟ್ಟದ ಮೇಲೆ ಇರಿಸಿದ್ದ ಕೊಬ್ಬರಿಯನ್ನು ಬಂದಷ್ಟಕ್ಕೆ ಮಾರಿ ಹೊಸದನ್ನು ಕೊಳ್ಳಲು ಸಿದ್ಧರಾಗಿದ್ದರು. ನಾನು ಅಲ್ಲಿಗೆ ಹೋದದ್ದು ಬುಧವಾರ. ಎರಡು ದಿನ ತಾಳಿರೆಂದು ಅವರನ್ನು ಕೇಳಿಕೊಂಡೆ.

ಇಂತಹ ದೋಷವನ್ನು ಹುಡುಕುವಾಗ ಮೊದಲು ದಾರಿಯನ್ನು ತುಂಡುಗಳನ್ನಾಗಿ ವಿಂಗಡಿಸಿಕೊಳ್ಳಬೇಕು. ಹೊರಗಿನಿಂದ ಬರುವ ತಂತು ಗೋಡೆಯ ಮೇಲಿನ ಪೆಟ್ಟಿಗೆಯನ್ನು ಸೇರುತ್ತದೆ. ರೌಟರ್ ಎಂದು ಕರೆಯುವ ಆ ಪೆಟ್ಟಿಗೆಯಿಂದ ಸಂದೇಶವು ಗಾಳಿಯಲ್ಲಿ ತರಂಗವಾಗಿ ಸಾಗಿ ಲ್ಯಾಪ್‌ಟಾಪನ್ನು ತಲುಪುತ್ತದೆ. ಅಲ್ಲಿ ಅದನ್ನು ಹಿಡಿಯುವ ಒಂದು ಭಾಗವಿದೆ. ತಪ್ಪು ಹೊರಗಿನ ತಂತುವಿನಲ್ಲಿದೆಯೋ, ನಡುವಿನ ದಾರಿಯಲ್ಲಿದೆಯೋ, ಲ್ಯಾಪ್‌ಟಾಪಿನಲ್ಲಿದೆಯೋ? ಒಮ್ಮೆಗೇ ನಾಲ್ಕಾರು ಬದಲಾವಣೆಗಳನ್ನು ಮಾಡಿದರೆ ರೋಗ ವಾಸಿಯಾದರೂ ಯಾವ ಮದ್ದಿನಿಂದ ವಾಸಿಯಾಯಿತೆಂಬುದು ತಿಳಿಯುವುದಿಲ್ಲ. ಆದ್ದರಿಂದ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಲು ನಿಶ್ಚಯಿಸಿದೆವು.

ಆ ಸಂಜೆ ಲ್ಯಾಪ್‌ಟಾಪನ್ನು ರೌಟರಿನ ಪಕ್ಕಕ್ಕೆ ತಂದು ಎರಡಕ್ಕೂ ಒಂದು ಕೇಬಲ್ ಜೋಡಿಸಿದೆವು. ಅರ್ಧ ಗಂಟೆಯಾದರೂ ಸಂಪರ್ಕ ಒಮ್ಮೆಯೂ ಕಡಿಯಲಿಲ್ಲ. ಹೊರಗಿನ ತಂತು ನಿರ್ದೋಷಿಯೆಂದು ಇದರಿಂದ ಖಚಿತವಾಯಿತು. (ತಂತು ತುಂಡಾಗಿದ್ದರೆ ಸಾಮಾನ್ಯವಾಗಿ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಆಗ ಮನೆಯೊಳಗೆ ಎಷ್ಟು ಹುಡುಕಿದರೂ ವ್ಯರ್ಥ.) ಬಳಿಕ ಕೇಬಲ್ ತೆಗೆದು, ಒಳಕೋಣೆಯಲ್ಲಿ ಲ್ಯಾಪ್‌ಟಾಪಿನ ಬದಲು ನನ್ನ ಮೊಬೈಲ್ ಫೋನನ್ನು ಅದೇ ವೈಫೈಗೆ ಸೇರಿಸಿ ನೋಡಿದೆವು. ಅದೂ ತಡವರಿಸಿತು! ಎರಡು ಬೇರೆ ಬೇರೆ ಯಂತ್ರಗಳು ಒಂದೇ ಜಾಗದಲ್ಲಿ ಒಂದೇ ಬಗೆಯಾಗಿ ಸೋತರೆ ತಪ್ಪು ಯಂತ್ರದ್ದಾಗಿರಲು ಕಾರಣ ಕಡಿಮೆ. ಉಳಿದದ್ದು ನಡುವಿನ ದಾರಿ.

“ಆದರೆ ಮಾವ, ಬೆಳಗಿನ ಹೊತ್ತು ಎಲ್ಲವೂ ಸರಿಯಾಗಿರುತ್ತದಲ್ಲ?” ಎಂದು ಹುಡುಗಿ ಕೇಳಿದಳು. ಪ್ರಶ್ನೆ ಸರಿಯಾದದ್ದೇ. ಬೆಳಗ್ಗೆ ನೀನು ಕುಳಿತುಕೊಳ್ಳುವುದೆಲ್ಲಿ ಎಂದು ವಿಚಾರಿಸಿದೆ. ಪಡಸಾಲೆಯಲ್ಲಿ, ಎಂದಳು. ಸಂಜೆ ಪಡಸಾಲೆಯಲ್ಲಿ ಟಿ.ವಿ.ಯ ಸದ್ದು, ಬಂದುಹೋಗುವವರ ಮಾತು, ಅದಕ್ಕಾಗಿ ಒಳಕೋಣೆ. ಮರುದಿನ ಬೆಳಗ್ಗೆ ಒಳಕೋಣೆಯಲ್ಲಿಯೂ ಸಂಜೆ ಪಡಸಾಲೆಯಲ್ಲಿಯೂ ಕುಳಿತು ನೋಡಿದಾಗ ಗುಟ್ಟು ಹೊರಬಿತ್ತು. ಬೆಳಗ್ಗೆ ಸಂಪರ್ಕ ಕಡಿಯಿತು, ಸಂಜೆ ನಿಂತಿತು. ಇಷ್ಟು ದಿನವೂ ಅವರು ಹೊತ್ತನ್ನು ದೂರುತ್ತಿದ್ದರು, ದೋಷವಿದ್ದದ್ದು ಜಾಗದಲ್ಲಿ.

ಆ ಜಾಗದಲ್ಲಿ ಏನಿತ್ತು? ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಅದಕ್ಕೆ ಒರಗಿಕೊಂಡು, ರೌಟರಿಗೂ ಹುಡುಗಿಯ ಮೇಜಿಗೂ ನಡುವೆ, ತಂಗಿಯ ಮದುವೆಯಲ್ಲಿ ನಮ್ಮ ತಂದೆ ಕೊಟ್ಟ ಕಬ್ಬಿಣದ ಬೀರು. ಪೆಟ್ಟಿಗೆಯಾದರೋ ನೆಲದಿಂದ ಎರಡೇ ಅಡಿ ಎತ್ತರದಲ್ಲಿತ್ತು.

ಇಲ್ಲಿ ತರಂಗದ ಸ್ವಭಾವವನ್ನು ತಿಳಿಯಬೇಕು. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವ್ಯಾಟ್ ಶಕ್ತಿಯ ಪ್ರೇಷಕವನ್ನಿಟ್ಟು ‘ಆಕಾಶವಾಣಿ’ಯನ್ನು ಆರಂಭಿಸಿದ್ದರು. ಇಂದಿನ ರೌಟರ್ ಕೂಡ ಮನೆಯಲ್ಲಿರುವ ಒಂದು ಪುಟ್ಟ ಪ್ರೇಷಕವೇ. ಆದರೆ ಅದರ ಶಕ್ತಿ ಸಾಮಾನ್ಯವಾಗಿ ಒಂದು ವ್ಯಾಟಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ರೇಡಿಯೊ ಇಟ್ಟುಕೊಳ್ಳುವುದಕ್ಕೂ ಪರವಾನಗಿ ಬೇಕಾಗಿತ್ತು, ರೌಟರಿಗೆ ಬೇಡ. ಅದು ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಭಾರತದಲ್ಲಿ ಪರವಾನಗಿಯಿಲ್ಲದ ಬಳಕೆಗೆ ಬಿಟ್ಟುಕೊಡಲಾಯಿತು.

ರೇಡಿಯೊ ಕೇಂದ್ರದ ಮಧ್ಯಮ ತರಂಗಗಳು ನೂರಾರು ಮೀಟರ್ ಉದ್ದವಿರುತ್ತವೆ. ಅವುಗಳಿಗೆ ಒಂದು ಬೀರು ಲೆಕ್ಕಕ್ಕಿಲ್ಲ. ಮನೆಯನ್ನೇ ಬಳಸಿಕೊಂಡು ಮುಂದೆ ಸಾಗುತ್ತವೆ. ವೈಫೈಯ ತರಂಗದ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. ಆಳೆತ್ತರದ ಬೀರುವಿಗೆ ಬಡಿದಾಗ ಅದು ಹಿಂದಕ್ಕೆ ಪುಟಿಯುತ್ತದೆ. ಬೀರುವಿನ ಹಿಂದೆ ತರಂಗದ ನೆರಳು ಬೀಳುತ್ತದೆ. ಮಣ್ಣಿನ ಗೋಡೆ ತರಂಗದ ಶಕ್ತಿಯನ್ನು ಹೀರುತ್ತದೆ. ಮಳೆಗೆ ನೆನೆದರೆ ಇನ್ನೂ ಹೆಚ್ಚು ಹೀರುತ್ತದೆ, ಏಕೆಂದರೆ ನೀರಿಗೆ ಈ ತರಂಗಗಳನ್ನು ನುಂಗುವ ಗುಣವಿದೆ. 5 ಗಿಗಾಹರ್ಟ್ಸಿನ ಇನ್ನೊಂದು ಬಗೆಯ ವೈಫೈ ಇದೆ. ಅದು ವೇಗಶಾಲಿ, ಆದರೆ ಗೋಡೆಯ ಮುಂದೆ ಇನ್ನೂ ದುರ್ಬಲ. ಹುಡುಗಿಯ ಲ್ಯಾಪ್‌ಟಾಪು ವೇಗದ ಆಸೆಗೆ ಬಿದ್ದು ಅದನ್ನೇ ಹಿಡಿದುಕೊಂಡಿತ್ತು.

ತರಂಗದ ಬಲವನ್ನು ಫೋನಿನಲ್ಲಿ ಅಳೆಯಬಹುದು. ಪಡಸಾಲೆಯಲ್ಲಿ ಅದು ಋಣ 45 ಡೆಸಿಬೆಲ್ ಎಂದು ತೋರಿಸಿತು. ಒಳಕೋಣೆಯಲ್ಲಿ ಋಣ 78. ಅಂತರ ಬರಿಯ ಮೂವತ್ತಮೂರು ಎಂದು ಹಗುರವಾಗಿ ಎಣಿಸಬಾರದು. ಈ ಮಾನದಲ್ಲಿ ಹತ್ತು ಇಳಿದರೆ ಶಕ್ತಿ ಹತ್ತು ಪಟ್ಟು ಕುಗ್ಗುತ್ತದೆ, ಇಪ್ಪತ್ತು ಇಳಿದರೆ ನೂರು ಪಟ್ಟು. ಮೂವತ್ತಮೂರು ಇಳಿದರೆ ಸುಮಾರು ಎರಡು ಸಾವಿರ ಪಟ್ಟು!

ಬೀರುವನ್ನು ಸರಿಸೋಣವೆಂದೆ. “ಅಪ್ಪ ನಿಲ್ಲಿಸಿದ ಜಾಗ ಅದು, ಅಣ್ಣ. ಬೀರು ಕದಲುವುದಿಲ್ಲ” ಎಂದಳು ತಂಗಿ. ವಾದಿಸಿ ಫಲವಿಲ್ಲವೆಂದು ರೌಟರನ್ನೇ ಬಿಚ್ಚಿದೆವು. ಒಳಕೋಣೆಯ ಬಾಗಿಲಿಗೆ ನೇರವಾಗಿ, ಏಳು ಅಡಿ ಎತ್ತರದಲ್ಲಿ, ಹಲಗೆಯೊಂದನ್ನು ಹೊಡೆದು ಅದರ ಮೇಲಿಟ್ಟೆವು. ತೆರೆದ ಬಾಗಿಲಿನಿಂದ ತರಂಗ ಒಳಗೆ ನುಗ್ಗಿತು. ಅಳತೆ ಋಣ 58ಕ್ಕೆ ಏರಿತು. ಆ ಬಳಿಕ ಲ್ಯಾಪ್‌ಟಾಪನ್ನು 2.4 ಗಿಗಾಹರ್ಟ್ಸಿಗೆ ಬದಲಾಯಿಸಿದೆವು. ಶುಕ್ರವಾರ ಸಂಜೆ ಒಂದು ಗಂಟೆಯ ಕಾಲ ಪರೀಕ್ಷಿಸಿದೆವು. ವಿದ್ಯುತ್ ನಿಂತಾಗ ಮಾತ್ರ ಸಂಪರ್ಕ ಹೋಯಿತು. ಅದಕ್ಕೆ ಕಾರಣ ಹುಡುಕಬೇಕಾಗಿರಲಿಲ್ಲ. ಪೆಟ್ಟಿಗೆಗೂ ವಿದ್ಯುತ್ ಬೇಕಲ್ಲ! ಗುಬ್ಬಿಯಿಂದ 12 ವೋಲ್ಟಿನ ಸಣ್ಣ ಬ್ಯಾಟರಿ ಸಾಧನವೊಂದನ್ನು ತಂದು ಅದಕ್ಕೆ ಜೋಡಿಸಿದೆವು. ಬ್ಯಾಟರಿಯ ಮೇಲೆ ನಡೆಯುವಾಗ ಲ್ಯಾಪ್‌ಟಾಪು ಮಿತವ್ಯಯಕ್ಕೆಂದು ತನ್ನ ವೈಫೈ ಭಾಗವನ್ನು ಆಗಾಗ ಮಲಗಿಸುವುದುಂಟು. ಆ ಏರ್ಪಾಡನ್ನೂ ತೆಗೆದುಹಾಕಿದೆವು.

ಶನಿವಾರ ಏಳು ಗಂಟೆಗೆ ಸಂದರ್ಶನ ಆರಂಭವಾಯಿತು. ಕಾಲು ಗಂಟೆ ಕಳೆಯುವಷ್ಟರಲ್ಲಿ ವಿದ್ಯುತ್ ಹೋಯಿತು. ಭಾವನವರು ತಟ್ಟನೆ ಎದ್ದು ನಿಂತರು. ಕತ್ತಲೆಯಲ್ಲಿ, ಬಾಗಿಲ ಎದುರಿನ ಹಲಗೆಯ ಮೇಲೆ, ರೌಟರಿನ ಹಸಿರು ದೀಪ ಉರಿಯುತ್ತಲೇ ಇತ್ತು. ಒಳಗಿನಿಂದ ಹುಡುಗಿಯ ಮಾತು ಒಂದೇ ಸಮನೆ ಕೇಳಿಬರುತ್ತಿತ್ತು. ಭಾವನವರು ಸದ್ದಾಗದಂತೆ ಮತ್ತೆ ಕುಳಿತರು.